ಪಾರಣೆ ಇಲ್ಲದ ಉಪವಾಸ

"ರಾತ್ರಿ ನಿದ್ದೆನೇ ಮಾಡಲ್ಲ ಮೇಡಂ" ಎಂದು ಪಿಯುಸಿ ಮಕ್ಕಳನ್ನು ನನ್ನ ಹತ್ತಿರ ಆಪ್ತಸಲಹೆಗೆ ಕರೆದುಕೊಂಡು ಬರುವ ಅಪ್ಪ ಅಮ್ಮಂದಿರು ಈಗ ಜಾಸ್ತಿ. ಬೈಗುಳವೆಲ್ಲ ಮೊಬೈಲಿಗೆ. ನಾನೂ ಬೈದಿದ್ದೇನೆ. ಈಗ ಹೇಳಲಿರುವ ಹುಡುಗಿಯ ವಿಷಯದಲ್ಲಿ ಎರಡು ಭೇಟಿ ಹಾಗೇ ಹಾಳು ಮಾಡಿದೆ. ಆ ಚುಚ್ಚು ಇನ್ನೂ ಹೋಗಿಲ್ಲ. ಬರೆಯಲು ಅವಳೂ ಮನೆಯವರೂ ಒಪ್ಪಿದ್ದಾರೆ. ಗುರುತು ಸಿಗುವ ವಿವರಗಳನ್ನು ಬದಲಾಯಿಸಿದ್ದೇನೆ.

ಹದಿನೇಳು ವರ್ಷ, ದ್ವಿತೀಯ ಪಿಯುಸಿ, ಬೆಳಗಾಗುವ ಮೊದಲೇ ಸಿಇಟಿ ಕೋಚಿಂಗ್. ರಾತ್ರಿ ಎರಡು ಗಂಟೆಯಾದರೂ ಎಚ್ಚರ. ಫೋನಿನಲ್ಲಿ ಯಾರೋ ಹುಡುಗ ಇದ್ದಾನೆ ಅಂತ ಅಮ್ಮನ ಅನುಮಾನ. "ಒಂದು ನಿದ್ದೆ ಮಾತ್ರೆ ಕೊಡಿಸಿಬಿಡಿ, ಪರೀಕ್ಷೆ ಮುಗಿಯೋವರೆಗೆ" ಎಂದರು.

ನಾನು ಮಾಡಿದ್ದು ಎಲ್ಲರೂ ಮಾಡುವುದನ್ನೇ. ಮಲಗಿ ಏಳುವ ಹೊತ್ತು ಬರೆದಿಡು, ಫೋನ್ ಹಾಲ್‌ನಲ್ಲಿಡು, ಸಂಜೆ ಮೇಲೆ ಕಾಫಿ ಬೇಡ. ಈ ವಯಸ್ಸಿಗೆ 8ರಿಂದ 10 ಗಂಟೆ ನಿದ್ದೆ ಬೇಕು, ನಿದ್ದೆ ಹತ್ತುವ ಹೊತ್ತೇ ಸ್ವಲ್ಪ ತಡವಾಗುತ್ತದೆ, ಅದು ಸೋಮಾರಿತನ ಅಲ್ಲ ಅಂತ ಅಮ್ಮನಿಗೂ ಹೇಳಿದೆ. ಮಾತೆಲ್ಲ ಸರಿ. ಉಪಯೋಗ ಮಾತ್ರ ಆಗಲಿಲ್ಲ. ನನ್ನ ಟಿಪ್ಪಣಿಯಲ್ಲಿ ಇನ್ನೊಂದು ಸಾಲಿದೆ: "ಶಿಸ್ತಿನ ಹುಡುಗಿ, ವ್ರತ ನಿಯಮ ಇಟ್ಟುಕೊಂಡಿದ್ದಾಳೆ." ಮೆಚ್ಚಿಕೊಂಡೇ ಬರೆದಿದ್ದೆ.

ಮೂರನೇ ಸಲ ಜೊತೆಗೆ ಅಜ್ಜಿ ಬಂದರು. ಅವತ್ತು ಅಮ್ಮನ ದೂರು ಬೇರೆ ಇತ್ತು. ಮಾಡಿಟ್ಟ ಚಕ್ಕುಲಿ, ಕೋಡುಬಳೆ ರಾತ್ರೋರಾತ್ರಿ ಖಾಲಿಯಾಗುತ್ತಿದೆ, ಈಗ ಕಪಾಟಿಗೆ ಬೀಗ ಹಾಕಿದ್ದೇನೆ ಅಂದರು. ಹುಡುಗಿ ತಲೆ ತಗ್ಗಿಸಿ ದುಪಟ್ಟಾದ ತುದಿ ಸುತ್ತುತ್ತಿದ್ದಳು.

ಅಜ್ಜಿ ಅಷ್ಟು ಹೊತ್ತು ಸುಮ್ನೆ ಕೂತಿದ್ದವರು ಬಾಯಿ ಬಿಟ್ಟರು. "ನೋಡಮ್ಮಾ, ನಾನು ಐವತ್ತು ವರ್ಷದಿಂದ ಏಕಾದಶಿ ಮಾಡ್ತಿದೀನಿ. ದ್ವಾದಶಿ ಬೆಳಿಗ್ಗೆ ಹೊತ್ತಿಗೆ ಸರಿಯಾಗಿ ಪಾರಣೆ ಮಾಡ್ಲಿಲ್ಲ ಅಂದ್ರೆ ಅದರ ಫಲವೇ ಇಲ್ಲ. ಸಂಕಷ್ಟಿಗಾದ್ರೆ ಚಂದ್ರನ್ನ ನೋಡಿ ಊಟ. ಇವಳು ಗುರುವಾರ ಅಂತಾಳೆ, ಶನಿವಾರ ಅಂತಾಳೆ, ಏಕಾದಶಿ, ಸಂಕಷ್ಟಿ ಯಾವುದನ್ನೂ ಬಿಡಲ್ಲ. ಮಾರನೇ ದಿನಾನೂ ತಟ್ಟೆ ಮುಂದೆ ಕೂರಲ್ಲ. ಇವಳಿಗೆ ಪಾರಣೆನೇ ಇಲ್ವಲ್ಲಮ್ಮಾ. ಇದ್ಯಾವ ವ್ರತ?"

ಹುಡುಗಿ ಅಳಲು ಶುರು ಮಾಡಿದಳು.

ಇಬ್ಬರನ್ನೂ ಹೊರಗೆ ಕೂರಿಸಿ ಅವಳೊಬ್ಬಳ ಹತ್ತಿರ ಮಾತಾಡಿದೆ. ಒಂದು ಮದುವೆಮನೆಯಲ್ಲಿ ಯಾರೋ "ಎಷ್ಟು ದಪ್ಪ ಆಗಿದೀಯೇ" ಅಂದಿದ್ದರಂತೆ. ಊಟ ಬಿಟ್ಟರೆ ಮನೆಯಲ್ಲಿ ಬೈಯುತ್ತಾರೆ. ಉಪವಾಸ ಅಂದರೆ ಹೊಗಳುತ್ತಾರೆ. ಹಗಲೆಲ್ಲ ಹಾಗೆ ದೂಡುತ್ತಾಳೆ. ರಾತ್ರಿ ಹಸಿವು ಮಲಗಲು ಬಿಡುವುದಿಲ್ಲ. "ಲೈಟ್ ಹಾಕಲ್ಲ ಮೇಡಂ. ಡಬ್ಬದ ಮುಚ್ಚಳ ಸದ್ದಾಗದ ಹಾಗೆ ತೆಗೆಯೋದು ಕಲ್ತಿದೀನಿ. ಬೀಗ ಹಾಕಿದ ಮೇಲೆ ಪಾತ್ರೆಲಿರೋ ತಣ್ಣನೆ ಅನ್ನ. ನಿಂತ್ಕೊಂಡೇ. ಹೊಟ್ಟೆ ನೋವು ಬಂದ್ರೂ ನಿಲ್ಲಿಸೋಕಾಗಲ್ಲ. ಆಮೇಲೆ ನಾಳೆ ಏನೇನು ಬಿಡಬೇಕು ಅಂತ ಲೆಕ್ಕ ಹಾಕ್ತಾ ಮಲಗ್ತೀನಿ. ನಿದ್ದೆ ಎಲ್ಲಿಂದ ಬರತ್ತೆ?"

ತಿಂದದ್ದು ಬೆಳಿಗ್ಗೆ ನೆನಪಿರುತ್ತದಾ ಎಂದು ಕೇಳಿದೆ. ಎಲ್ಲ ನೆನಪಿರುತ್ತಿತ್ತು. ಸುಮ್ನೆ ಕೇಳಿದ ಪ್ರಶ್ನೆ ಅಲ್ಲ ಇದು. ರಾತ್ರಿ ಎದ್ದು ತಿನ್ನುವ ತೊಂದರೆಯನ್ನು ಅಮೆರಿಕದ ಮನೋವೈದ್ಯ ಆಲ್ಬರ್ಟ್ ಸ್ಟಂಕಾರ್ಡ್ 1955ರಲ್ಲೇ ವಿವರಿಸಿದ್ದರು. ಅದರಲ್ಲಿ ಪೂರ್ತಿ ಎಚ್ಚರ ಇರುತ್ತದೆ. ಅರೆನಿದ್ದೆಯಲ್ಲಿ ತಿಂದು ಮರೆತುಬಿಡುವುದು ಬೇರೆ ತೊಂದರೆ. ಜೋಲ್ಪಿಡೆಮ್‌ನಂಥ ನಿದ್ದೆ ಮಾತ್ರೆಯಿಂದಲೂ ಕೆಲವರಿಗೆ ಅದು ಬರುತ್ತದೆ. ಅಮ್ಮ ಕೇಳಿದ ಮಾತ್ರೆ ನೆನಪಾಗಿ ಬೆವರಿದೆ. ವಾಂತಿ ಮಾಡಿಕೊಳ್ಳುತ್ತೀಯಾ ಅಂತಲೂ ಕೇಳಿದೆ, ಅದರಿಂದ ಪೊಟ್ಯಾಸಿಯಂ ಇಳಿದು ಎದೆಬಡಿತ ತಪ್ಪಬಹುದು. ಇಲ್ಲ ಅಂದಳು. ಆದರೆ ಮೂರು ತಿಂಗಳಿಂದ ಮುಟ್ಟು ನಿಂತಿತ್ತು. ಮನೆಯಲ್ಲಿ ಹೇಳಿರಲಿಲ್ಲ.

ಫೋನ್ ತೋರಿಸು ಅಂದೆ. ಯಾವ ಹುಡುಗನೂ ಇರಲಿಲ್ಲ. ಇದ್ದದ್ದು ಬಿಸಿಬೇಳೆಬಾತ್, ಹೋಳಿಗೆ, ಕೇಕ್ ಮಾಡುವ ವಿಡಿಯೋಗಳು, ನೂರಾರು.

1944-45ರಲ್ಲಿ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಮಂದಿ ಆರೋಗ್ಯವಂತ ಯುವಕರನ್ನು, ಅವರ ಒಪ್ಪಿಗೆ ಪಡೆದೇ, ಆರು ತಿಂಗಳು ಅರೆಹೊಟ್ಟೆಯಲ್ಲಿಟ್ಟಿದ್ದರು. ಅವರಿಗೆ ಹಗಲೂ ರಾತ್ರಿ ಊಟದ್ದೇ ಯೋಚನೆ. ಕೆಲವರು ಅಡುಗೆ ಪುಸ್ತಕ ಕೂಡಿಡಲು ಶುರು ಮಾಡಿದರು. ಇದನ್ನು ಅವಳಿಗೆ ಹೇಳಿದೆ. "ಹಾಗಾದ್ರೆ ನಂಗೆ ಹುಚ್ಚಲ್ವಾ?" ಅಂದಳು. ಹಸಿವು ಪುಟ್ಟಾ, ಅಂದೆ.

ಸಲಹೆಯಲ್ಲಿ ನಿದ್ದೆಯನ್ನು ಹಿಂದಕ್ಕೆ ಹಾಕಿ ಊಟವನ್ನು ಮುಂದೆ ತಂದೆ. ಮೊದಲು ವೈದ್ಯರ ಹತ್ತಿರ ರಕ್ತಪರೀಕ್ಷೆ, ಇಸಿಜಿ, ಆಮೇಲೆ ಮನೋವೈದ್ಯರು. ಇಷ್ಟಾಗದೆ ನನ್ನ ಹತ್ತಿರ ಬರಬೇಡಿ ಅಂದೆ. ಸ್ವಲ್ಪ ಒರಟಾಗಿಯೇ ಹೇಳಿದೆ. ತಿನ್ನುವ ತೊಂದರೆ ಅಂದರೆ ಹಟ ಅಂದುಕೊಂಡು ದೇಹ ನೋಡಿಸದೆ ಬಿಡುವವರನ್ನು ಕಂಡಿದ್ದೇನೆ. ಮೂರು ಊಟ, ಎರಡು ತಿಂಡಿ, ನಡುವೆ ನಾಲ್ಕು ಗಂಟೆಗಿಂತ ಜಾಸ್ತಿ ಬಿಡುವು ಬೇಡ. ರಾತ್ರಿ ತಿಂದ ಮಾರನೇ ದಿನವೂ ಬೆಳಗಿನ ತಿಂಡಿ ತಪ್ಪಿಸುವಂತಿಲ್ಲ. ಮನೆಯಲ್ಲಿ ತೂಕದ ಮಾತು, ಮೈಯ ಮಾತು ಬಂದ್.

ಬೀಗ ತೆಗೆಯಿರಿ ಎಂದಾಗ ಅಮ್ಮ ಸಿಟ್ಟಾದರು. "ಎಲ್ಲಾ ತಿಂದುಬಿಟ್ರೆ?" ತಿನ್ನಲಿ, ಆದರೆ ಲೈಟ್ ಹಾಕಿ, ತಟ್ಟೆಗೆ ಹಾಕಿಕೊಂಡು, ಕೂತು ತಿನ್ನಲಿ. ಎಚ್ಚರವಾದರೆ ನೀವೂ ಹೋಗಿ ಎದುರು ಕೂತುಕೊಳ್ಳಿ, ಬೈಯಬೇಡಿ ಅಂದೆ.

ಧರ್ಮದ ವಿಷಯ ಯಾಕೆ ಒಳಗೆ ತಂದಿರಿ ಎಂದು ಜೊತೆಯವರೊಬ್ಬರು ಕೇಳಿದರು. ವ್ರತ ಕೆಟ್ಟದ್ದು ಅಂತ ನಾನು ಅಂದಿದ್ದರೆ ಆ ಹುಡುಗಿ ಎದ್ದು ಹೋಗುತ್ತಿದ್ದಳು, ಅಮ್ಮನೂ ಹಿಂದೆಯೇ. "ಕಾಯಿಲೆ ಇರೋರಿಗೆ ಉಪವಾಸ ಇಲ್ಲ, ನಿನ್ನ ಪಾಲಿಂದೂ ನಾನೇ ಮಾಡ್ತೀನಿ" ಎಂದು ಅಜ್ಜಿ ಹೇಳಿದ್ದಕ್ಕೆ ನನ್ನ ಹತ್ತು ಮಾತಿಗಿಲ್ಲದ ತೂಕ ಇತ್ತು. ಅದನ್ನು ಬಳಸಿಕೊಂಡೆ. ಮತ್ತೆ ಅಂಥದ್ದೇ ಬಂದರೆ ಮತ್ತೆ ಬಳಸಿಕೊಳ್ಳುತ್ತೇನೆ.

ಐದು ತಿಂಗಳಾಯಿತು. ಮುಟ್ಟು ಮರಳಿದೆ. ವಾರಕ್ಕೊಂದೆರಡು ರಾತ್ರಿ ಈಗಲೂ ಎದ್ದು ತಿನ್ನುತ್ತಾಳೆ, ಲೈಟ್ ಹಾಕಿಕೊಂಡು. ಹತ್ತಿರದಲ್ಲಿ ಯಾರೂ ಸಿಗದವರು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಬಹುದು. ಹಣ ಬೇಡ, ಕನ್ನಡದಲ್ಲೇ ಮಾತಾಡುತ್ತಾರೆ.

ಕಳೆದ ವಾರ ಒಬ್ಬ ಹುಡುಗ ಬಂದ. ನಿದ್ದೆ ಬರಲ್ಲ ಅಂದ. ಜಿಮ್‌ಗೆ ಹೋಗುತ್ತಾನೆ, ಹದಿನಾರು ಗಂಟೆ ಹೊಟ್ಟೆ ಖಾಲಿ ಬಿಡುತ್ತಾನಂತೆ, ಆ್ಯಪ್‌ನಲ್ಲಿ ಲೆಕ್ಕ ಇದೆ. ರಾತ್ರಿ ಅಡುಗೆಮನೆಗೆ ಹೋಗ್ತೀಯಾ ಅಂತ ಮೊದಲ ಭೇಟಿಯಲ್ಲೇ ಕೇಳಿದೆ. ಬಾಗಿಲ ಕಡೆ ನೋಡಿದ. ಹೊರಗೆ ಅವನ ಅಪ್ಪ ಕೂತಿದ್ದರು. ಗುರುವಾರ ಮತ್ತೆ ಬರುತ್ತಾನೆ.