“ಕಡಲನ್ನೆಲ್ಲ ಜಾಲಾಡಿ ಬಂದಿದ್ದೀಯಾ?”

ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ. ಆಪ್ತಸಲಹೆಗೆಂದು ನನ್ನಲ್ಲಿಗೆ ಹೀಗೆ ಬರುವ ಹುಡುಗರು ಈಚೆಗೆ ಹೆಚ್ಚಾಗಿರುವುದರಿಂದ ಬರೆಯಬೇಕಾಯಿತು.

ಉಡುಪಿ ಕಡೆಯವನು, ವಯಸ್ಸು 21, ಇಂಜಿನಿಯರಿಂಗ್ ಕೊನೆಯ ವರ್ಷ. ನಾಗರ ಪಂಚಮಿಗೆ ಕುಟುಂಬದ ನಾಗಬನವಾದ ಮೂಲಬನದಲ್ಲಿ ತನು ಹಾಕಲು (ನಾಗನಿಗೆ ಹಾಲು, ಸೀಯಾಳ ಎರೆಯಲು) ಬರುವುದಿಲ್ಲ ಎಂದ. ಅಷ್ಟೇ ಆಗಿದ್ದರೆ ಜಗಳ ಮನೆಯೊಳಗೇ ಮುಗಿಯುತ್ತಿತ್ತು. ಆದರೆ ತಂದೆ ಕೇಳಿದರು: “ಕಡಲನ್ನೆಲ್ಲ ಜಾಲಾಡಿ ಬಂದಿದ್ದೀಯಾ ಮಾರಾಯ? ಮನುಷ್ಯನಿಗೆ ಗೊತ್ತಿರುವುದೇ ಚೂರು. ದೇವರಿಲ್ಲ ಅನ್ನಲು ನೀನು ಯಾರು?” ಹುಡುಗನಿಗೆ ಉತ್ತರ ಹೊಳೆಯಲಿಲ್ಲ, ನಂಬಿಕೆಯೂ ಬರಲಿಲ್ಲ. ಮೂರು ವಾರ ರಾತ್ರಿ 11ರಿಂದ 2ರವರೆಗೆ ವಾದದ ವಿಡಿಯೋಗಳು.

ಮೂರನೆಯ ಭೇಟಿಗೆ ಅಪ್ಪ, ಮಗ ಇಬ್ಬರೂ ಬಂದರು. ಹಾಳೆಯ ಮೇಲೆ ಎರಡು ಸಾಲು ಬರೆದು ಮುಂದಿಡಲಾಯಿತು. ‘ಈ ಬುಟ್ಟಿಯಲ್ಲಿ ಬಂಗುಡೆ ಇಲ್ಲ.’ ‘ಈ ಕಡಲಲ್ಲಿ ಬಂಗುಡೆ ಇಲ್ಲ.’ ಯಾವುದನ್ನು ಧೈರ್ಯವಾಗಿ ಹೇಳಬಹುದು? “ಬುಟ್ಟಿಯದ್ದು. ಇದ್ದರೆ ಕಾಣಬೇಕಿತ್ತಲ್ಲ” ಎಂದರು ತಂದೆ.

ನಮ್ಮ ತರ್ಕಶಾಸ್ತ್ರದಲ್ಲಿ ಇದಕ್ಕೆ ಯೋಗ್ಯಾನುಪಲಬ್ಧಿ ಎಂದು ಹೆಸರು. ಇದ್ದಿದ್ದರೆ ಕಾಣುತ್ತಿತ್ತು ಎಂಬಲ್ಲಿ ಮಾತ್ರ ಕಾಣದ್ದನ್ನು ‘ಇಲ್ಲ’ ಎನ್ನಬಹುದು. ಕಾಣದ್ದೆಲ್ಲ ಇಲ್ಲ ಎನ್ನುವುದಾದರೆ, ಕಣ್ಣಿಗೆ ಕಂಡದ್ದನ್ನಷ್ಟೇ ನಂಬುವ ಚಾರ್ವಾಕ ಮನೆಯಿಂದ ಹೊರಬಿದ್ದೊಡನೆ ಹೆಂಡತಿ ಮಕ್ಕಳು ಇಲ್ಲವಾದರೆಂದು ಅಳಬೇಕಾಗುತ್ತದೆ ಎಂದು ನ್ಯಾಯ ದರ್ಶನದ ಪಂಡಿತ ಉದಯನಾಚಾರ್ಯ ಕುಟುಕಿದ್ದು ಇದೇ ಬಲದಿಂದ. ತಂದೆ ಜೋರಾಗಿ ನಕ್ಕರು. ಮಗ ನಗಲಿಲ್ಲ.

ಆಗ ಇನ್ನೊಂದು ಮಗ್ಗುಲನ್ನೂ ಹೇಳಬೇಕಾಯಿತು. ಸಾಂಖ್ಯ ದರ್ಶನದ ಗ್ರಂಥವಾದ ಸಾಂಖ್ಯಸೂತ್ರದಲ್ಲಿ ‘ಈಶ್ವರಾಸಿದ್ಧೇಃ’ ಎಂದಿದೆ, ಈಶ್ವರ ಸಿದ್ಧನಾಗಿಲ್ಲವಾದ್ದರಿಂದ ಎಂದು. ‘ಈಶ್ವರಾಭಾವಾತ್’, ಅಂದರೆ ಈಶ್ವರ ಇಲ್ಲವಾದ್ದರಿಂದ, ಎಂದಿಲ್ಲ ಎಂಬುದನ್ನು ವ್ಯಾಖ್ಯಾನಕಾರ ವಿಜ್ಞಾನಭಿಕ್ಷುವೇ ಎತ್ತಿ ತೋರಿಸುತ್ತಾನೆ. ಸಿದ್ಧವಾಗಿಲ್ಲ ಎನ್ನುವುದು ಒಂದು, ಇಲ್ಲ ಎನ್ನುವುದು ಇನ್ನೊಂದು.

ಹುಡುಗ ಸ್ವಲ್ಪ ಹೊತ್ತು ಹಾಳೆಯನ್ನೇ ನೋಡಿದ. “ಸಿದ್ಧವಾಗಿಲ್ಲ, ಹಾಗಾಗಿ ನಂಬುವುದಿಲ್ಲ ಅಂತ ಹೇಳಲಿಕ್ಕೆ ನಾನು ಕಡಲು ಜಾಲಾಡಬೇಕಾಗಿಲ್ಲ, ಅಲ್ವಾ?”

ಬೇಕಾಗಿಲ್ಲ. ಹರಕೆ ಹೊತ್ತರೆ ಪರೀಕ್ಷೆ ಪಾಸಾಗುತ್ತದೆ ಎಂಬಂಥ ಮಾತು ಬುಟ್ಟಿಯದ್ದು, ಲೆಕ್ಕ ಹಾಕಿ ನೋಡಬಹುದು. ಅಲ್ಲಿ ನಾಸ್ತಿಕ ಗಟ್ಟಿಯಾಗಿಯೇ ‘ಇಲ್ಲ’ ಎನ್ನಬಹುದು. ಜಗತ್ತಿನಾಚೆ ಇರುವ, ಯಾವ ಗುರುತೂ ಬಿಡದ ದೇವರು ಕಡಲಿನದ್ದು. ಅಲ್ಲಿ ‘ಸಿದ್ಧವಾಗಿಲ್ಲ’ ಎನ್ನುವಲ್ಲಿಗೆ ನಿಲ್ಲಬೇಕು. ತಿಳಿವಳಿಕೆಯ ಮಿತಿ ತಂದೆಗೂ ಅಷ್ಟೇ ಅನ್ವಯ: ಗೊತ್ತಿಲ್ಲ ಎಂಬುದರಿಂದ ‘ಇದೆ’ ಹುಟ್ಟುವುದಿಲ್ಲ. ಅದಕ್ಕೆ ಅವರು, “ನಾನು ತರ್ಕದಿಂದ ನಂಬಿದ್ದಲ್ಲ, ಹಿರಿಯರ ಮಾತಿನಿಂದ” ಎಂದರು. ಪ್ರಾಮಾಣಿಕ ಉತ್ತರ. ಪಾಜಕದಲ್ಲಿ ಹುಟ್ಟಿದ ಮಧ್ವಾಚಾರ್ಯರೂ ವಿಷ್ಣುವನ್ನು ತಿಳಿಯಲು ಇಂದ್ರಿಯ, ಅನುಮಾನ ಸಾಲವು, ಆಗಮವೇ (ವೇದಾದಿ ಶಾಸ್ತ್ರದ ಮಾತೇ) ಬೇಕು ಎಂದವರು. ಹಾಗಾದರೆ ಉಳಿದದ್ದು ಯಾರ ಮಾತು ಪ್ರಮಾಣ ಎಂಬ ಜಗಳ. ಕಡಲಿನ ಪ್ರಶ್ನೆ ಅಲ್ಲಿಗೆ ಬಿತ್ತು.

ಆಪ್ತಸಲಹೆಯಲ್ಲಿ ತರ್ಕ ಏಕೆ, ಭಾವನೆ ಆಲಿಸಿದರೆ ಸಾಲದೇ ಎನ್ನುವವರಿದ್ದಾರೆ. ಗಂಟು ಯೋಚನೆಯಲ್ಲಿದ್ದಾಗ ಬೆನ್ನು ಸವರಿದರೆ ಬಿಚ್ಚದು. ಆದರೆ ತರ್ಕ ಒಮ್ಮೆ ಸಾಕು. ಪ್ರತಿ ಸಂದೇಹಕ್ಕೂ ಉತ್ತರ ಕೊಡುತ್ತ ಹೋದರೆ ಸಂದೇಹ ಕೊಬ್ಬುತ್ತದೆ. ಹಾಗಾಗಿ ಅವನಿಗೆ ಕೊಟ್ಟ ಸಲಹೆ: ಈ ಯೋಚನೆಗೆ ಸಂಜೆ 6ರಿಂದ 6.20. ರಾತ್ರಿ ಪ್ರಶ್ನೆ ಬಂದರೆ ಪುಸ್ತಕದಲ್ಲಿ ಒಂದು ಸಾಲು ಬರೆದು ಮಲಗುವುದು. ಇಲ್ಲಿ ಎಡವುವುದು ಮೊಬೈಲಿನಿಂದ. ಆ ಇಪ್ಪತ್ತು ನಿಮಿಷದಲ್ಲಿ ಹುಡುಕಾಟ ಶುರುವಾದರೆ ಮತ್ತೆ ರಾತ್ರಿ ಎರಡು ಗಂಟೆ. ಕಾಗದ, ಪೆನ್ನು ಮಾತ್ರ. ಇಷ್ಟಾದರೂ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಅದೇ ಸುತ್ತುತ್ತಿದ್ದರೆ ಅದು ಗೀಳಿನ ಲಕ್ಷಣ ಇರಬಹುದು, ಮನೋವೈದ್ಯರನ್ನು ಕಾಣಬೇಕು.

‘ಅಮ್ಮನಿಗಾಗಿ ಕೈಮುಗಿದುಬಿಡು’ ಎಂಬ ಸುಲಭದ ಸಲಹೆ ಕೊಡಲಿಲ್ಲ. ಒಳಗೊಂದು ಹೊರಗೊಂದು ಆಡಿಸಿದರೆ ಈ ವಯಸ್ಸಿನಲ್ಲಿ ಸಿಟ್ಟು ಮನೆಯವರ ಮೇಲೇ ತಿರುಗುತ್ತದೆ. ಬದಲಿಗೆ ಆದ ಒಪ್ಪಂದ: ಕಾರು ಓಡಿಸುವುದು, ಸೀಯಾಳದ ಗೊನೆ ಬನದವರೆಗೆ ಹೊರುವುದು ಅವನ ಕೆಲಸ, ಬನದೊಳಗಿನದ್ದು ತಂದೆಯದ್ದು. ಮನೆಗೆ ಬಂದ ಮೇಲೆ ಅಮ್ಮ ಅರಸಿನ ಎಲೆಯ ಕಡುಬು ಬಡಿಸಿದಾಗ ಅದನ್ನು ಪ್ರಸಾದವೆಂದು ತಿನ್ನುತ್ತಿದ್ದೀಯೋ ತಿಂಡಿಯೆಂದೋ ಎಂದು ತಂದೆ ಕೇಳಬಾರದು.