2,000 ರೂಪಾಯಿಯೊಳಗೆ ಮೆಕ್ಯಾನಿಕಲ್ ಕೀಬೋರ್ಡ್: ಮೊದಲು ಸ್ಕ್ರೋಲ್ ಲಾಕ್ ಇದೆಯಾ ನೋಡಿ

ನಿಮ್ಮ ಪ್ರಶ್ನೆ ಇಷ್ಟು: ಮೈಸೂರಿನಲ್ಲಿ ಪಿ.ಜಿ.ಯಲ್ಲಿದ್ದುಕೊಂಡು ಬಿ.ಕಾಂ. ಓದುತ್ತಿದ್ದೀರಿ. ಸಂಜೆ ಹೊತ್ತು ನುಡಿ ತಂತ್ರಾಂಶದಲ್ಲಿ ಕನ್ನಡ ಟೈಪ್ ಮಾಡಿಕೊಟ್ಟು ನಾಲ್ಕು ಕಾಸು ಮಾಡಿಕೊಳ್ಳುತ್ತೀರಿ. ಲ್ಯಾಪ್‌ಟಾಪಿನ ಕೀಬೋರ್ಡಲ್ಲಿ ಬೆರಳು ನೋಯುತ್ತಿದೆ. ಕೈಯಲ್ಲಿರುವುದು 2,000 ರೂಪಾಯಿ. ಅಷ್ಟರಲ್ಲಿ ಮೆಕ್ಯಾನಿಕಲ್ ಕೀಬೋರ್ಡ್ ಬರುತ್ತದಾ, ಬಂದರೆ ಯಾವುದು ತೆಗೆದುಕೊಳ್ಳಲಿ ಅಂತ.

ಬರುತ್ತದೆ. ನಾನು ಮಂಡ್ಯದಲ್ಲಿ ಟೈಪಿಂಗ್, ಜೆರಾಕ್ಸ್ ಅಂಗಡಿ ಇಟ್ಟುಕೊಂಡವನು. ಅರ್ಜಿ, ಅಫಿಡವಿಟ್, ಬಾಡಿಗೆ ಕರಾರು, ಮಕ್ಕಳ ಪ್ರಾಜೆಕ್ಟ್ ಎಲ್ಲ ನನ್ನ ಹತ್ತು ಬೆರಳಿನ ಮೇಲೇ ನಡೆಯಬೇಕು. ಹಾಗಾಗಿ ಕೀಬೋರ್ಡ್ ವಿಷಯದಲ್ಲಿ ದುಡ್ಡು ಕಳೆದುಕೊಂಡು ಕಲಿತದ್ದು ಒಂದಿಷ್ಟಿದೆ.

ಎಲ್ಲರೂ ಮೊದಲು ಬ್ರ್ಯಾಂಡ್ ಕೇಳುತ್ತಾರೆ. ನೀವು ನುಡಿ ಬಳಸುವವರಾದ್ದರಿಂದ ಮೊದಲು ನೋಡಬೇಕಾದದ್ದು ಬೇರೆ. ನುಡಿಯಲ್ಲಿ ಕನ್ನಡದಿಂದ ಇಂಗ್ಲಿಷಿಗೆ, ಇಂಗ್ಲಿಷಿನಿಂದ ಕನ್ನಡಕ್ಕೆ ಹೋಗಲು ಸ್ಕ್ರೋಲ್ ಲಾಕ್ ಒತ್ತುತ್ತೀರಲ್ಲ, ಆ ಕೀ ಈಗಿನ ಅಗ್ಗದ ಮೆಕ್ಯಾನಿಕಲ್ ಕೀಬೋರ್ಡುಗಳಲ್ಲಿ ಬಹಳಷ್ಟಕ್ಕೆ ಇರುವುದೇ ಇಲ್ಲ! ಆನ್‌ಲೈನಲ್ಲಿ ಕಡಿಮೆ ಬೆಲೆಗೆ ಕಣ್ಣಿಗೆ ಬೀಳುವವು ಹೆಚ್ಚಾಗಿ 61 ಕೀಗಳ ಪುಟ್ಟ ಕೀಬೋರ್ಡುಗಳು. 60 ಪರ್ಸೆಂಟ್ ಅಂತ ಕರೆಯುತ್ತಾರೆ. ನೋಡಲು ಮುದ್ದಾಗಿರುತ್ತವೆ. ಬಾಣದ ಗುರುತಿನ ಕೀಗಳಿಲ್ಲ, ಡಿಲೀಟ್ ಇಲ್ಲ, ಮೇಲಿನ ಎಫ್1, ಎಫ್2 ಸಾಲೂ ಇಲ್ಲ. ಎಲ್ಲಕ್ಕೂ ಎಫ್‌ಎನ್ ಕೀ ಹಿಡಿದುಕೊಂಡು ಇನ್ನೊಂದನ್ನು ಒತ್ತಬೇಕು. ಆಟ ಆಡುವವರಿಗೆ ಸರಿ. ಒಂದು ಅರ್ಜಿಯಲ್ಲಿ ಇಪ್ಪತ್ತು ಸಲ ಭಾಷೆ ಬದಲಿಸುವವರಿಗೆ ಅದು ಶಿಕ್ಷೆ.

ಇನ್ನು ನೀವು ಬಿ.ಕಾಂ. ಅಂದಮೇಲೆ ಲೆಕ್ಕ ಬರೆಯುವ ಟ್ಯಾಲಿ ಸಾಫ್ಟ್‌ವೇರ್ ಇದ್ದೇ ಇರುತ್ತದೆ. ಪೇಮೆಂಟಿಗೆ ಎಫ್5, ರಿಸೀಟಿಗೆ ಎಫ್6, ಸೇಲ್ಸಿಗೆ ಎಫ್8. ಆ ಸಾಲು ಇಲ್ಲದ ಕೀಬೋರ್ಡ್ ಕೊಂಡರೆ ನಿಮ್ಮ ಬೆರಳು ನಿಮ್ಮನ್ನೇ ಬೈಯುತ್ತದೆ. ಆದ್ದರಿಂದ 87 ಕೀ ಇರುವುದನ್ನೇ ತೆಗೆದುಕೊಳ್ಳಿ. ಅದಕ್ಕೆ ಟಿಕೆಎಲ್ ಅನ್ನುತ್ತಾರೆ. ಬಲಗಡೆಯ ನಂಬರ್ ಪ್ಯಾಡ್ ಒಂದನ್ನು ಬಿಟ್ಟು ಉಳಿದದ್ದೆಲ್ಲ ಇರುತ್ತದೆ, ಪ್ರಿಂಟ್ ಸ್ಕ್ರೀನ್ ಪಕ್ಕದಲ್ಲಿ ಸ್ಕ್ರೋಲ್ ಲಾಕ್ ಕೂಡ. ಲೆಕ್ಕದ ಕೆಲಸ ಜಾಸ್ತಿಯಾದರೆ ಮುಂದೆ ಬೇಕಾದಾಗ ಯುಎಸ್‌ಬಿ ನಂಬರ್ ಪ್ಯಾಡ್ ಬೇರೆಯಾಗಿ ಸಿಗುತ್ತದೆ.

ಈಗ ಮೋಸದ ವಿಷಯ. ಡಬ್ಬದ ಮೇಲೆ "ಮೆಕ್ಯಾನಿಕಲ್ ಫೀಲ್", "ಸೆಮಿ ಮೆಕ್ಯಾನಿಕಲ್" ಅಂತ ಇದ್ದರೆ ಅದು ಮೆಕ್ಯಾನಿಕಲ್ ಅಲ್ಲ. ಒಳಗೆ ಅದೇ ರಬ್ಬರ್ ಹಾಳೆ, ಮೇಲೆ ಎತ್ತರದ ಕೀ, ಕೆಳಗೆ ಕಾಮನಬಿಲ್ಲಿನ ಲೈಟು. ನನ್ನ ಮೊದಲ ಕೀಬೋರ್ಡ್ ಇದೇ. ಲೈಟು ನೋಡಿ ಮರುಳಾಗಿ 1,100 ರೂಪಾಯಿ ಕೊಟ್ಟೆ. ಆರು ತಿಂಗಳಿಗೆ ಸ್ಪೇಸ್ ಕೀ ಹಳೇ ಸೋಫಾದ ಹಾಗೆ ಕುಸಿಯಿತು. ನಿಜವಾದ ಮೆಕ್ಯಾನಿಕಲ್ ಅಂದರೆ ಪ್ರತಿ ಕೀ ಕೆಳಗೂ ಅದರದೇ ಒಂದು ಸ್ವಿಚ್, ಅದರೊಳಗೆ ಒಂದು ಸ್ಪ್ರಿಂಗು, ಎರಡು ತಗಡಿನ ಎಲೆ. ಒತ್ತಿದಾಗ ಎಲೆಗಳು ಮುಟ್ಟಿಕೊಳ್ಳುತ್ತವೆ, ಅಕ್ಷರ ಬೀಳುತ್ತದೆ. ಅಂಗಡಿಯಲ್ಲಾದರೆ ಒಂದು ಕೀ ಮುಚ್ಚಳ ಎಳೆದು ನೋಡಿದರೆ ಗೊತ್ತಾಗುತ್ತದೆ. ನಡುವೆ ಕೂಡಿಸುವ ಗುರುತಿನ ಹಾಗೆ ಒಂದು ಪುಟ್ಟ ಕಡ್ಡಿ ಕಾಣಬೇಕು, ಅದರ ಸುತ್ತ ಚೌಕದ ಪ್ಲಾಸ್ಟಿಕ್ ಗೂಡಿರಬೇಕು. ಕಡ್ಡಿ ಕಂಡರೂ ಕೆಲವು ನಕಲಿಗಳಿವೆ. ಅದಕ್ಕೇ ಸ್ವಿಚ್ಚಿನ ಹೆಸರು ಬರೆದಿದೆಯಾ ಅಂತ ನೋಡಿ. ಹೆಸರು ಹೇಳದ ಕೀಬೋರ್ಡ್ ಬೇಡ.

ಆ ಹೆಸರುಗಳ ಕತೆ ಚಿಕ್ಕದು. ಜರ್ಮನಿಯ ಚೆರ್ರಿ ಕಂಪನಿ 1980ರ ದಶಕದಲ್ಲಿ ಎಂಎಕ್ಸ್ ಅನ್ನುವ ಸ್ವಿಚ್ ತಂದಿತು. ಅದರ ಪೇಟೆಂಟ್ ಮುಗಿದ ಮೇಲೆ ಔಟೆಮು, ಗೇಟರಾನ್, ಕೈಲ್ ಅಂತ ಚೀನಾದ ಕಂಪನಿಗಳು ಅದೇ ಅಚ್ಚಿನಲ್ಲಿ ಮಾಡಿ ಅಗ್ಗಕ್ಕೆ ಬಿಟ್ಟವು. ನಮ್ಮಂಥವರ ಕೈಗೆ ಮೆಕ್ಯಾನಿಕಲ್ ಎಟುಕಿದ್ದು ಹಾಗೆ. ನಿಮ್ಮ ಬಜೆಟ್ಟಿನಲ್ಲಿ ಹೆಚ್ಚಾಗಿ ಸಿಗುವುದು ಔಟೆಮು. ತೊಂದರೆ ಇಲ್ಲ.

ಸ್ವಿಚ್ಚಿನ ಬಣ್ಣದ ಬಗ್ಗೆ ಎಲ್ಲರೂ ತಲೆ ಕೆಡಿಸಿಕೊಳ್ಳುತ್ತಾರೆ. ಬ್ಲೂ ಸ್ವಿಚ್ ಟಿಕ್ ಟಿಕ್ ಅನ್ನುತ್ತದೆ. ರೆಡ್ ಆ ಟಿಕ್ ಸದ್ದಿಲ್ಲದೆ ನೇರವಾಗಿ ಇಳಿಯುತ್ತದೆ. ಬ್ರೌನ್ ನಡುವೆ ಒಂದು ಸಣ್ಣ ಉಬ್ಬು ದಾಟಿದ ಹಾಗೆ ಅನಿಸುತ್ತದೆ. ಪಿ.ಜಿ.ಯಲ್ಲಿ ರೂಮ್‌ಮೇಟ್ ಇದ್ದಾರೆ ಅಂದಮೇಲೆ ಬ್ಲೂ ಮರೆತುಬಿಡಿ. ನಾನು ಒಂದು ರಾತ್ರಿ ಮನೆಯಲ್ಲಿ ಬ್ಲೂ ಕೀಬೋರ್ಡಲ್ಲಿ ಕೆಲಸ ಮಾಡುತ್ತಿದ್ದಾಗ ನಮ್ಮಮ್ಮ ಎದ್ದು ಬಂದು, "ಈ ಹೊತ್ತಲ್ಲಿ ಏನೋ ಅದು ಅವರೆಕಾಯಿ ಸುಲಿಯೋ ಸದ್ದು?" ಅಂದರು. ಅವತ್ತಿಂದ ಅದು ಅಂಗಡಿಯಲ್ಲೇ ಇದೆ. ಬೆರಳು ನೋವು ಇರುವುದರಿಂದ ನಿಮಗೆ ರೆಡ್ ಹೇಳುತ್ತೇನೆ. ಅದಕ್ಕೆ ಸುಮಾರು 45 ಗ್ರಾಂ ಒತ್ತಡ ಸಾಕು. ಕೀ ಕೆಳಗೆ ಹೋಗುವುದು 4 ಮಿ.ಮೀ., ಅದರಲ್ಲಿ ಅರ್ಧ ದಾರಿಗೇ ಅಕ್ಷರ ಬಿದ್ದಿರುತ್ತದೆ. ತಳಕ್ಕೆ ಗುದ್ದುವ ಅಗತ್ಯವೇ ಇಲ್ಲ. ಆ ಅಭ್ಯಾಸ ಬಿಡಲು ನನಗೆ ಎರಡು ತಿಂಗಳು ಬೇಕಾಯಿತು. ಮೊದಲ ವಾರ ಬೆರಳು ಇಟ್ಟರೇ ಅಕ್ಷರ ಬಿದ್ದು ತಪ್ಪು ಜಾಸ್ತಿ ಆಗುತ್ತದೆ. ಹೆದರಬೇಡಿ.

ನುಡಿಗೆ ಸೇರಿದ ಇನ್ನೊಂದು ಮಾತು. ನುಡಿಯಲ್ಲಿ ಯಾವ ಕೀಗೆ ಯಾವ ಕನ್ನಡ ಅಕ್ಷರ ಅನ್ನುವುದು ಕೆ.ಪಿ. ರಾವ್ ಅವರ ವಿನ್ಯಾಸ, ಅದರಲ್ಲಿ ಒತ್ತಕ್ಷರಕ್ಕೆಲ್ಲ ಎಫ್ ಅಕ್ಷರದ ಕೀ ಬೇಕು. ಅಕ್ಕ ಅನ್ನಲು ಎ, ಕೆ, ಎಫ್, ಕೆ. ದೀರ್ಘಕ್ಕೆ, ಮಹಾಪ್ರಾಣಕ್ಕೆ ಶಿಫ್ಟ್. ಅಂದರೆ ಇಂಗ್ಲಿಷ್ ಟೈಪ್ ಮಾಡುವವರು ಅಪರೂಪಕ್ಕೆ ಮುಟ್ಟುವ ಶಿಫ್ಟನ್ನು ನಾವು ಸಾಲಿಗೆ ಹತ್ತು ಸಲ ಒತ್ತುತ್ತೇವೆ. ಶಿಫ್ಟ್, ಎಂಟರ್, ಸ್ಪೇಸ್ ಅಂಥ ಉದ್ದ ಕೀಗಳ ಕೆಳಗೆ ಎರಡು ಕಡೆ ತಂತಿ ಹಾಕಿರುತ್ತಾರೆ. ಅಗ್ಗದ ಕೀಬೋರ್ಡಿನಲ್ಲಿ ಅದು ಸಡಿಲವಾಗಿ ಗಡಗಡ ಅನ್ನುತ್ತದೆ. ಎಡಗಡೆಯ ಶಿಫ್ಟನ್ನು ಅದರ ತುದಿಯಲ್ಲಿ ಒತ್ತಿ ನೋಡಿ. ಒಂದು ಕಡೆ ವಾಲಿ ಸಿಕ್ಕಿಕೊಂಡರೆ ಆ ಪೀಸ್ ಬೇಡ ಅನ್ನಿ.

ಇನ್ನು ನನಗೆ ಎಲ್ಲಕ್ಕಿಂತ ದುಬಾರಿಯಾದ ಪಾಠ. ಎರಡನೇ ಕೀಬೋರ್ಡ್ ನಿಜವಾದ ಮೆಕ್ಯಾನಿಕಲ್ಲೇ. ಆದರೆ ಸ್ವಿಚ್ಚುಗಳನ್ನು ಬೋರ್ಡಿಗೆ ಬೆಸುಗೆ ಹಾಕಿದ್ದು. ಒಂದು ವರ್ಷ ಚೆನ್ನಾಗಿತ್ತು. ಆಮೇಲೆ ಆರ್ ಕೀ ಒಂದು ಸಲ ಒತ್ತಿದರೆ ಎರಡು ಸಲ ಬೀಳತೊಡಗಿತು. ಒಳಗಿನ ತಗಡಿನ ಎಲೆ ಸವೆದಾಗಲೋ ಧೂಳು ಕೂತಾಗಲೋ ಒಂದೇ ಒತ್ತಿಗೆ ಎರಡು ಸಲ ಮುಟ್ಟಿ ಬಿಡುತ್ತದೆ. ಕಂಪ್ಯೂಟರ್ ಅದನ್ನು ಎರಡು ಒತ್ತು ಅಂತ ತಿಳಿಯುತ್ತದೆ. ಇಂಗ್ಲಿಷಿನಲ್ಲಾದರೆ ಕೆಂಪು ಗೆರೆ ಬಂದು ಕಣ್ಣಿಗೆ ಬೀಳುತ್ತದೆ. ನುಡಿಯಲ್ಲಿ ಯಾರು ಹೇಳಬೇಕು? ಬಸರಾಳಿನಿಂದ ಬಂದ ಹಿರಿಯರೊಬ್ಬರಿಗೆ ಅಫಿಡವಿಟ್ ಮಾಡಿಕೊಡುತ್ತಿದ್ದೆ. ಇ-ಸ್ಟ್ಯಾಂಪ್ ಕಾಗದದ ಮೇಲೆ ಪ್ರಿಂಟ್ ತೆಗೆದು ಕೈಗೆ ಕೊಟ್ಟೆ. ಅವರು ಕನ್ನಡಕ ಏರಿಸಿಕೊಂಡು ನಿಧಾನಕ್ಕೆ ಓದಿ, "ಇದು ಯಾವೂರಪ್ಪ, ಬಸರರಾಳು?" ಅಂದರು. ಕಾಗದ ಹೋಯಿತು, ಅದರ ದುಡ್ಡು ನನ್ನ ಮೇಲೆ ಬಂತು, ಅವರ ಬಸ್ಸೂ ತಪ್ಪಿತು. ಅವರು ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು.

ಹೊಸ ಕೀಬೋರ್ಡಿಗೆ ಆಗ ದುಡ್ಡಿರಲಿಲ್ಲ. ಪಕ್ಕದ ಮೊಬೈಲ್ ರಿಪೇರಿ ಹುಡುಗನ ಹತ್ತಿರ ಕೊಂಡುಹೋದೆ. "ಅಣ್ಣ, ಇದರಲ್ಲಿ ನೀವು ಯಾವತ್ತೂ ಒತ್ತದ ಕೀ ಯಾವುದು?" ಅಂದ. ಪಾಸ್ (Pause) ಕೀ ತೋರಿಸಿದೆ. ಅದರ ಸ್ವಿಚ್ ಬೆಸುಗೆ ಬಿಡಿಸಿ ಆರ್ ಜಾಗಕ್ಕೆ ಕೂರಿಸಿದ. 80 ರೂಪಾಯಿ ತಗೊಂಡ. ಆ ಕೀಬೋರ್ಡ್ ಇವತ್ತಿಗೂ ಕೆಲಸ ಮಾಡುತ್ತಿದೆ, ಬಲಗಡೆ ಮೇಲೆ ಒಂದು ಹಲ್ಲು ಬಿದ್ದ ಹಾಗೆ ಕಾಣುತ್ತದೆ ಅಷ್ಟೇ.

ನೀವು ಬೆಸುಗೆಯ ತಾಪತ್ರಯವೇ ಇಲ್ಲದೆ ಪಾರಾಗಬಹುದು. ಹಾಟ್ ಸ್ವಾಪ್ ಅಂತ ಬರೆದಿರುವುದನ್ನು ಕೊಳ್ಳಿ. ಅದರಲ್ಲಿ ಸ್ವಿಚ್ಚನ್ನು ಚಿಮಟದಿಂದ ಕಿತ್ತು ಬೇರೆಯದನ್ನು ಕೈಯಲ್ಲೇ ಒತ್ತಿ ಕೂರಿಸಬಹುದು. 2,000 ರೂಪಾಯಿಯಲ್ಲಿ ಲೈಟು ಬಿಡಿ, ಬ್ಲೂಟೂತ್ ಬಿಡಿ, ಇದೊಂದನ್ನು ಬಿಡಬೇಡಿ. ಒಂದು ಎಚ್ಚರಿಕೆ: ಅಗ್ಗದ ಕೆಲವು ಬೋರ್ಡುಗಳ ತೂತು ಸಣ್ಣದು, ಔಟೆಮು ಸ್ವಿಚ್ಚಿನ ತೆಳು ಕಾಲು ಮಾತ್ರ ಹಿಡಿಯುತ್ತದೆ. ಕೊಳ್ಳುವ ಮೊದಲು ಕೇಳಿ. ಐದು ಕಾಲಿನ ಸ್ವಿಚ್ ಮೂರು ಕಾಲಿನ ಬೋರ್ಡಿಗೆ ಕೂರದಿದ್ದರೆ ಅದರ ಅಕ್ಕಪಕ್ಕದ ಎರಡು ಸಣ್ಣ ಪ್ಲಾಸ್ಟಿಕ್ ಕಾಲನ್ನು ಉಗುರು ಕತ್ತರಿಯಲ್ಲಿ ಕತ್ತರಿಸಿ ಕೂರಿಸಬಹುದು. ಲೋಹದ ಕಾಲು ಮುಟ್ಟಬೇಡಿ. ಕೇಬಲ್ಲು ಬಿಚ್ಚಿ ಹಾಕುವ ಹಾಗಿದ್ದರೆ ಇನ್ನೂ ಒಳ್ಳೆಯದು.

ಬ್ರ್ಯಾಂಡ್ ಹೇಳಲೇಬೇಕು ಅಂದರೆ ರೆಡ್‌ಡ್ರಾಗನ್, ಕಾಸ್ಮಿಕ್ ಬೈಟ್, ಆಂಟ್ ಈಸ್ಪೋರ್ಟ್ಸ್, ಈವೊಫಾಕ್ಸ್ ಇವುಗಳ ಪಟ್ಟಿಯಲ್ಲಿ 87 ಕೀ, ರೆಡ್ ಸ್ವಿಚ್, ಹಾಟ್ ಸ್ವಾಪ್ ಮೂರೂ ಸೇರಿರುವುದನ್ನು ಹುಡುಕಿ. ರೆಡ್‌ಡ್ರಾಗನ್‌ನಲ್ಲಿ ಕುಮಾರ ಅಂತ ಒಂದಿದೆ. ಹೆಸರು ಕೇಳಿ ನಮ್ಮೂರ ಹುಡುಗ ಅನ್ಕೋಬೇಡಿ, ಅದೂ ಚೀನಾದ್ದೇ. 87 ಕೀ, ಗಟ್ಟಿ ಮೈ. ಆಫರ್ ಇಲ್ಲದಾಗ ನಿಮ್ಮ ಬಜೆಟ್ ದಾಟಬಹುದು. ದಸರಾ, ದೀಪಾವಳಿ ಸಮಯದ ಆನ್‌ಲೈನ್ ಆಫರಿಗೆ ಕಾಯುವಷ್ಟು ತಾಳ್ಮೆ ಇದ್ದರೆ ಕಾಯಿರಿ. ನನ್ನ ಮನೆಯ ರೆಡ್ ಕೀಬೋರ್ಡ್ ಹಾಗೇ ಬಂದದ್ದು, 1,850ಕ್ಕೆ.

ಇನ್ನೊಂದು ದಾರಿ ಇದೆ, ಹೆಚ್ಚು ಜನಕ್ಕೆ ಹೊಳೆಯುವುದಿಲ್ಲ. ಹಳೆಯ ಟಿವಿಎಸ್ ಗೋಲ್ಡ್. ಬ್ಯಾಂಕು, ಡಿಟಿಪಿ ಸೆಂಟರುಗಳಲ್ಲಿ ಟಕಟಕ ಅನ್ನುತ್ತಿದ್ದ ಆ ದಪ್ಪ ಕೀಬೋರ್ಡ್ ನೆನಪಿದೆಯಾ? ಅದರೊಳಗೆ ಚೆರ್ರಿ ಬ್ಲೂ ಸ್ವಿಚ್ ಇರುತ್ತಿತ್ತು. ಮುಚ್ಚಿಹೋದ ಸೈಬರ್ ಸೆಂಟರಿನ ಸಾಮಾನು ಮಾರುವವರ ಹತ್ತಿರ ಸೆಕೆಂಡ್ ಹ್ಯಾಂಡಿನಲ್ಲಿ ಒಂದು ಸಿಕ್ಕರೆ ಹೊಸ ಅಗ್ಗದ ಕೀಬೋರ್ಡಿಗಿಂತ ಅದೇ ವಾಸಿ. ಆದರೆ ಸದ್ದು ಇದೆ, ನಿಮಗೆ ಪಿ.ಜಿ. ಇದೆ. ಜೊತೆಗೆ ಪ್ಲಗ್ ನೋಡಿ. ಹಳೆಯವಕ್ಕೆ ದುಂಡಗಿನ ಪಿಎಸ್2 ಪಿನ್ ಇರುತ್ತದೆ, ಲ್ಯಾಪ್‌ಟಾಪಿಗೆ ಅದು ಹೋಗುವುದಿಲ್ಲ. ಯುಎಸ್‌ಬಿ ಇರುವುದನ್ನೇ ಹುಡುಕಿ.

ಎಲ್ಲಿ ಕೊಳ್ಳುವುದು? ಮೊದಲು ಮೈಸೂರಿನಲ್ಲೇ ದೇವರಾಜ ಅರಸು ರಸ್ತೆ ಕಡೆಯ ಅಂಗಡಿಗಳಲ್ಲಿ ನಿಮ್ಮ ಲ್ಯಾಪ್‌ಟಾಪ್ ಜೊತೆ ಹೋಗಿ ಒತ್ತಿ ನೋಡಿ. ಕೊಳ್ಳದಿದ್ದರೂ ಬೆರಳಿಗೆ ಯಾವುದು ಹಿಡಿಸುತ್ತದೆ ಅಂತ ಗೊತ್ತಾಗುತ್ತದೆ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಆಯ್ಕೆ ಜಾಸ್ತಿ, ನಿಜ. ಸುಮ್ನೆ ಒಂದು ಕೀಬೋರ್ಡಿಗೋಸ್ಕರ ಹೋಗಬೇಡಿ. ಬೇರೆ ಕೆಲಸವಿದ್ದಾಗ ಹೋಗಿ, ಭಾನುವಾರ ಬೇಡ. ಆನ್‌ಲೈನಲ್ಲಿ ತರಿಸಿದರೆ ಡಬ್ಬ ಬಿಚ್ಚುವಾಗ ವಿಡಿಯೊ ಮಾಡಿಟ್ಟುಕೊಳ್ಳಿ. ಬಂದ ದಿನವೇ ನೋಟ್‌ಪ್ಯಾಡ್ ತೆರೆದು ಒಂದೊಂದು ಕೀಯನ್ನೂ ಇಪ್ಪತ್ತು ಸಲ ಒತ್ತಿ, ಅಕ್ಷರ ಎಣಿಸಿ. ಇಪ್ಪತ್ತೊಂದು ಬಿದ್ದರೆ ವಾಪಸ್ ಕಳಿಸಿ. ನಾಳೆ ನೋಡಿದರಾಯಿತು ಅಂದುಕೊಂಡರೆ ವಾಪಸ್ ಕೊಡುವ ಗಡುವು ಮುಗಿದಿರುತ್ತದೆ.

ಬೆರಳು ನೋವಿನ ಬಗ್ಗೆ ಒಂದು ಮಾತು ಹೇಳಬೇಕು. ಮೆಕ್ಯಾನಿಕಲ್ ಕೀಬೋರ್ಡ್ ಎತ್ತರ. ಮಣಿಕಟ್ಟು ಮೇಲಕ್ಕೆ ಮಡಿಸಿಕೊಂಡು ಟೈಪ್ ಮಾಡಿದರೆ ಇದ್ದ ನೋವು ಹೆಚ್ಚಾಗುತ್ತದೆ. ಹಿಂದಿನ ಪುಟ್ಟ ಕಾಲುಗಳನ್ನು ಎತ್ತಬೇಡಿ, ಮುಂದೆ ಒಂದು ಟವೆಲ್ ಮಡಚಿಡಿ. ಒಂದು ತಿಂಗಳಾದರೂ ನೋವು ಇಳಿಯದಿದ್ದರೆ ಡಾಕ್ಟರಿಗೆ ತೋರಿಸಿ. ಕೈಯಲ್ಲಿ 1,000ಕ್ಕಿಂತ ಕಡಿಮೆ ಇದ್ದಿದ್ದರೆ ನಾನು ಇಷ್ಟೆಲ್ಲ ಬರೆಯುತ್ತಲೇ ಇರಲಿಲ್ಲ. ಲಾಜಿಟೆಕ್ ಕೆ120 ಥರದ ಸಾದಾ ಕೀಬೋರ್ಡ್ ತಗೊಳ್ಳಿ ಅನ್ನುತ್ತಿದ್ದೆ.

ಆಮೇಲೆ, ಆಯುಧಪೂಜೆ ದಿನ ದಯವಿಟ್ಟು ಕುಂಕುಮವನ್ನು ನೀರಲ್ಲಿ ಕಲಸಿ ಕೀಗಳ ಮೇಲೆ ಹಚ್ಚಬೇಡಿ. ನಮ್ಮ ಅಂಗಡಿ ಹುಡುಗ ಭಕ್ತಿಯಿಂದ ಒಂದೊಂದು ಕೀಗೂ ಬೊಟ್ಟಿಟ್ಟಿದ್ದ. ಒಣಗಿದ ಮೇಲೆ ಎಂಟರ್ ಕೀ ಕೆಳಗೆ ಹೋದದ್ದು ಮೇಲೆ ಬರಲಿಲ್ಲ. ಹೂವು ಸಾಕು, ಅದನ್ನೂ ಪಕ್ಕದಲ್ಲಿಡಿ.

ಮಂಡ್ಯದ ಕಡೆ ಬಂದರೆ ತಿಳಿಸಿ, ರೆಡ್, ಬ್ಲೂ ಎರಡನ್ನೂ ಒತ್ತಿ ನೋಡಬಹುದು. ಬೆಳಗ್ಗೆ ಹನ್ನೊಂದರಿಂದ ಎರಡರವರೆಗೆ ಬೇಡ, ಆಗ ಅರ್ಜಿ ಬರೆಸುವವರು ಸಾಲು ನಿಂತಿರುತ್ತಾರೆ.