ಅವನು ಸೋಮಾರಿ ಅಲ್ಲ

ರಾಜಾಜಿನಗರದ ಓದುಗರೊಬ್ಬರು ತಮ್ಮನ ಬಗ್ಗೆ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ. ತಮ್ಮನಿಗೆ 24 ವರ್ಷ. ಇಂಜಿನಿಯರಿಂಗ್ ಓದುತ್ತಿದ್ದಾಗ ಯಾರೋ ಬೈಯುವುದು ಕಿವಿಗೆ ಕೇಳಿಸತೊಡಗಿತು. ಎದುರು ಮನೆಯವರು ತನ್ನ ಮೇಲೆ ಕಣ್ಣಿಟ್ಟಿದ್ದಾರೆ ಎಂದು ಕಿಟಕಿ ಮುಚ್ಚಿ ಕೂರುತ್ತಿದ್ದ. ಡಾಕ್ಟರು ಸ್ಕಿಜೋಫ್ರೇನಿಯಾ ಎಂದರು. ಮಾತ್ರೆ ಶುರುವಾದ ಮೇಲೆ ದನಿಗಳು ನಿಂತವು. ಆದರೆ ಈಗ ದಿನವಿಡೀ ಮಲಗಿರುತ್ತಾನೆ, ಸ್ನಾನಕ್ಕೂ ಹತ್ತು ಸಲ ಹೇಳಬೇಕು. ಅಪ್ಪ ಸೋಮಾರಿ ಎಂದು ಬೈಯುತ್ತಾರೆ. ಅಮ್ಮ ಮಾತ್ರೆ ಪುಡಿ ಮಾಡಿ ಸಾರಿಗೆ ಬೆರೆಸುತ್ತಾರೆ. ಮದುವೆ ಮಾಡಿ, ಸರಿಹೋಗ್ತಾನೆ ಅನ್ನುತ್ತಾರೆ ನೆಂಟರು. ‘ಕಾಯಿಲೆ ವಾಸಿಯಾದ ಮೇಲೂ ಹೀಗ್ಯಾಕೆ? ಇದು ನನಗೂ ಬರುತ್ತಾ?’ ಎಂದು ಕೇಳಿದ್ದಾರೆ.

ಪ್ರಿಯ ಸಹೋದರಿ,

ಕಾಯಿಲೆ ಪೂರ್ತಿ ವಾಸಿಯಾಗಿಲ್ಲ. ಅದರ ಒಂದು ಭಾಗ ಹತೋಟಿಗೆ ಬಂದಿದೆ, ಅಷ್ಟೇ. ಸ್ಕಿಜೋಫ್ರೇನಿಯಾ ಅಂದರೆ ಎಲ್ಲರಿಗೂ ನೆನಪಾಗುವುದು ಇಲ್ಲದ ದನಿ ಕೇಳಿಸುವುದು, ಅನುಮಾನ ಪಡುವುದು. ಇನ್ನೊಂದು ಭಾಗ ಸದ್ದಿಲ್ಲದ್ದು. ಏನನ್ನಾದರೂ ಶುರು ಮಾಡುವ ಹುಮ್ಮಸ್ಸೇ ಇಂಗಿಹೋಗುತ್ತದೆ. ಮಾತು ಕಡಿಮೆಯಾಗುತ್ತದೆ, ಮುಖದಲ್ಲಿ ಭಾವನೆ ಕಾಣಿಸುವುದಿಲ್ಲ, ಗೆಳೆಯರು ಬೇಡವಾಗುತ್ತಾರೆ. ಈಗಿನ ಮಾತ್ರೆಗಳು ದನಿಗಳನ್ನು ಅಡಗಿಸುವಷ್ಟು ಚೆನ್ನಾಗಿ ಈ ಭಾಗವನ್ನು ಸರಿಮಾಡುವುದಿಲ್ಲ. ಅಪ್ಪ ಸೋಮಾರಿತನ ಅನ್ನುವುದು ಇದನ್ನೇ.

ಜೊತೆಗೆ ಬೇರೆ ಕಾರಣಗಳೂ ಇರಬಹುದು. ಕೆಲವು ಮಾತ್ರೆಗಳಿಂದ ಮಂಪರು ಬರುತ್ತದೆ, ಕೈಕಾಲು ಬಿಗಿಯುತ್ತದೆ, ತೂಕ ಜಾಸ್ತಿಯಾಗುತ್ತದೆ. ಖಿನ್ನತೆಯೂ ಸೇರಿಕೊಂಡಿರಬಹುದು. ಎಷ್ಟು ಹೊತ್ತು ಮಲಗುತ್ತಾನೆ, ನಡಿಗೆ ಹೇಗಿದೆ, ಏನು ತಿನ್ನುತ್ತಾನೆ ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದು ಡಾಕ್ಟರಿಗೆ ತೋರಿಸಿ. ಮಾತ್ರೆಯನ್ನೋ ಡೋಸನ್ನೋ ಬದಲಿಸಲು ಅವರಿಗೆ ದಾರಿ ಇದೆ. ನೀವಾಗೇ ನಿಲ್ಲಿಸಬೇಡಿ. ನಿಲ್ಲಿಸಿದವರಲ್ಲಿ ಬಹಳ ಜನಕ್ಕೆ ಕಾಯಿಲೆ ಮರುಕಳಿಸುತ್ತದೆ.

ಸಾರಿಗೆ ಮಾತ್ರೆ ಬೆರೆಸುವುದನ್ನು ಮಾತ್ರ ದಯವಿಟ್ಟು ಇವತ್ತೇ ಬಿಡಿ. ಅಮ್ಮನ ಸಂಕಟ ನನಗೆ ಅರ್ಥವಾಗುತ್ತದೆ. ಆದರೆ ಯೋಚಿಸಿ ನೋಡಿ, ತನಗೆ ಯಾರೋ ಕೇಡು ಬಗೆಯುತ್ತಿದ್ದಾರೆ ಎಂದು ಹೆದರಿದ್ದ ಹುಡುಗ ಅವನು. ಊಟದಲ್ಲಿ ಏನೋ ಹಾಕುತ್ತಿದ್ದಾರೆ ಎಂದು ಒಂದು ದಿನ ಗೊತ್ತಾದರೆ ಅವನ ಅನುಮಾನ ನಿಜವೇ ಆಯಿತಲ್ಲ! ಆಮೇಲೆ ಊಟವನ್ನೂ ನಂಬುವುದಿಲ್ಲ, ಅಮ್ಮನನ್ನೂ ನಂಬುವುದಿಲ್ಲ. ಮಾತ್ರೆ ಯಾಕೆ ಬೇಡ ಅನ್ನುತ್ತಾನೆ ಎಂದು ಅವನನ್ನೇ ಕೇಳಿ. ದಿನಾ ನುಂಗುವುದೇ ಕಷ್ಟವಾದರೆ ಕೆಲವು ವಾರಗಳಿಗೊಮ್ಮೆ ಕೊಡುವ ಇಂಜೆಕ್ಷನ್ ಇದೆ. ಅವನ ಎದುರಿಗೇ ಡಾಕ್ಟರ ಹತ್ತಿರ ಆ ಮಾತು ತೆಗೆಯಿರಿ.

ಇನ್ನು ಅಪ್ಪನ ಬೈಗುಳ. ಸುಮಾರು 60 ವರ್ಷಗಳ ಹಿಂದೆ ಲಂಡನ್ನಿನಲ್ಲಿ ಜಾರ್ಜ್ ಬ್ರೌನ್ ಎಂಬ ಸಂಶೋಧಕರು ಮತ್ತು ಅವರ ಸಂಗಡಿಗರು ಆಸ್ಪತ್ರೆಯಿಂದ ಮನೆಗೆ ಮರಳಿದವರನ್ನು ಗಮನಿಸಿದರು. ಸದಾ ತಪ್ಪು ಹುಡುಕುವ, ಹಂಗಿಸುವ ಮನೆಗಳಲ್ಲಿ ಕಾಯಿಲೆ ಹೆಚ್ಚಾಗಿ ಮರುಕಳಿಸುತ್ತಿತ್ತು. ಅತಿ ಕಾಳಜಿಯಿಂದ ಉಸಿರುಗಟ್ಟಿಸುವ ಮನೆಗಳಲ್ಲೂ ಹಾಗೇ. ಮುಂದೆ ಬೇರೆ ದೇಶಗಳಲ್ಲೂ ಇದೇ ಕಂಡುಬಂತು. ಹಾಗಂತ ಕಾಯಿಲೆ ಬಂದದ್ದೇ ಮನೆಯವರಿಂದ ಎಂದಲ್ಲ. ಯಾರ ಸಾಕಣೆಯಿಂದಲೂ ಸ್ಕಿಜೋಫ್ರೇನಿಯಾ ಬರುವುದಿಲ್ಲ. ಬಂದ ಮೇಲೆ ಮನೆಯ ಮಾತಿನ ಧಾಟಿ ಅದನ್ನು ಕೆರಳಿಸಬಹುದು, ತಣಿಸಲೂಬಹುದು.

ಬೆಳಿಗ್ಗೆ ‘ಗಂಟೆ ಹತ್ತಾಯ್ತು, ಇನ್ನೂ ಬಿದ್ಕೊಂಡಿದೀಯಾ’ ಎನ್ನುವ ಬದಲು ‘ಹಾಲು ತರೋಕೆ ಹೋಗ್ತಿದೀನಿ, ಚಪ್ಪಲಿ ಹಾಕ್ಕೊಂಡು ಬಾ’ ಅನ್ನಿ. ಒಂದು ಸಲಕ್ಕೆ ಒಂದೇ ಮಾತು. ಉತ್ತರಕ್ಕೆ ಕಾಯಿರಿ, ಅವನಿಗೆ ಸ್ವಲ್ಪ ಹೊತ್ತು ಬೇಕು. ನಂದಿನಿ ಬೂತಿನವರೆಗೆ ಬಂದರೆ ಅದೇ ದೊಡ್ಡದು. ದುಡ್ಡು ಅವನ ಕೈಯಲ್ಲೇ ಕೊಡಿಸಿ. ಬರದಿದ್ದರೆ ಹಂಗಿಸಬೇಡಿ, ನಾಳೆ ಮತ್ತೆ ಕರೆಯಿರಿ. ಒಂದು ವಾರ ಇದು ನಡೆದ ಮೇಲೆ ಸ್ನಾನದ ಮಾತು ಎತ್ತಿದರಾಯಿತು.

ದನಿಗಳು ಮತ್ತೆ ಬಂದರೆ ‘ಏನೂ ಇಲ್ಲ, ಸುಮ್ನಿರು’ ಎಂದು ವಾದಕ್ಕೆ ಇಳಿಯಬೇಡಿ. ‘ಹೌದು, ನನಗೂ ಕೇಳಿಸ್ತು’ ಎಂಬ ಸುಳ್ಳೂ ಬೇಡ. ‘ನನಗೆ ಕೇಳಿಸ್ತಿಲ್ಲ, ಆದ್ರೆ ನಿನಗೆ ಭಯ ಆಗ್ತಿರೋದು ಗೊತ್ತಾಗ್ತಿದೆ’ ಎನ್ನಿ. ಕಾಯಿಲೆ ಮರುಕಳಿಸುತ್ತಿದೆ ಎನ್ನುವುದಕ್ಕೆ ನಿದ್ದೆ ಕೆಡುವುದು ಎಷ್ಟೋ ಸಲ ಮೊದಲ ಸುಳಿವು. ಸಾಯುವ ಮಾತಾಡಿದರೆ ನೇರವಾಗಿ ಕೇಳಿ, ಒಬ್ಬನನ್ನೇ ಬಿಡಬೇಡಿ, ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ. ನಿಮ್ಹಾನ್ಸ್‌ನಲ್ಲಿ ತುರ್ತು ವಿಭಾಗ ರಾತ್ರಿಯೂ ತೆರೆದಿರುತ್ತದೆ.

ಮದುವೆ ಈ ಕಾಯಿಲೆಗೆ ಔಷಧಿಯಲ್ಲ. ಮುಂದೆ ಎಂದಾದರೂ ಅವನಿಗೇ ಬೇಕೆನಿಸಿದರೆ, ಹುಡುಗಿಗೆ ಎಲ್ಲವನ್ನೂ ತಿಳಿಸಿಯೇ ಆಗಬೇಕು.

ನಿಮ್ಮ ವಿಷಯಕ್ಕೆ ಬರೋಣ. ಒಡಹುಟ್ಟಿದವರಲ್ಲಿ ಒಬ್ಬರಿಗೆ ಇದ್ದರೆ ಇನ್ನೊಬ್ಬರಿಗೆ ಬರುವ ಸಾಧ್ಯತೆ ನೂರಕ್ಕೆ ಸುಮಾರು 10. ಬೇರೆಯವರಿಗಿಂತ ಜಾಸ್ತಿ, ನಿಜ. ಆದರೂ ನೂರರಲ್ಲಿ 90 ಜನಕ್ಕೆ ಬರುವುದಿಲ್ಲ ಅಲ್ವಾ? ಗಾಂಜಾದಿಂದ ಇಬ್ಬರೂ ದೂರವಿರಿ, ಅದು ಈ ಅಪಾಯವನ್ನು ಹೆಚ್ಚಿಸುತ್ತದೆ.

ನೀವು ಬೆಂಗಳೂರಿನಲ್ಲಿರುವುದು ಒಂದು ಅನುಕೂಲ. ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ಪುನರ್ವಸತಿ ವಿಭಾಗವೇ ಇದೆ. ಬೇಕರಿ, ಹೊಲಿಗೆ, ಮರಗೆಲಸದಂಥ ಕೆಲಸಗಳ ಮೂಲಕ ದಿನಚರಿ ಮರಳಿ ರೂಢಿಯಾಗಲು ಅಲ್ಲಿ ನೆರವಾಗುತ್ತಾರೆ. ಮೆಡಿಕೊ ಪ್ಯಾಸ್ಟೋರಲ್ ಅಸೋಸಿಯೇಷನ್, ರಿಚ್ಮಂಡ್ ಫೆಲೋಶಿಪ್ ಸೊಸೈಟಿ ಕೂಡ ದಶಕಗಳಿಂದ ಈ ಕೆಲಸದಲ್ಲಿವೆ. ಯಾರೊಡನಾದರೂ ಮಾತಾಡಬೇಕೆನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ. ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಮಾನಸಿಕ ಕಾಯಿಲೆಯೂ ಸೇರಿದೆ. ತೊಂದರೆ ಶೇ 40 ಅಥವಾ ಹೆಚ್ಚು ಎಂದು ಪ್ರಮಾಣಪತ್ರ ಸಿಕ್ಕರೆ ಸರ್ಕಾರದ ಸವಲತ್ತುಗಳಿಗೆ ಅರ್ಜಿ ಹಾಕಬಹುದು.

ಇಂಜಿನಿಯರಿಂಗ್ ಮುಗಿಸುತ್ತಾನಾ ಎಂದು ಈಗಲೇ ಹೇಳಲು ಆಗುವುದಿಲ್ಲ. ಈ ಕಾಯಿಲೆ ಇದ್ದೂ ಓದಿದವರು, ದುಡಿಯುತ್ತಿರುವವರು ಬೇಕಾದಷ್ಟು ಜನ ಇದ್ದಾರೆ. ಸದ್ಯಕ್ಕೆ ಒಂದು ಕೆಲಸ ಮಾಡಿ. ಮುಂದಿನ ಸಲ ಡಾಕ್ಟರ ಹತ್ತಿರ ಹೋಗುವಾಗ ಅಪ್ಪನನ್ನೂ ಕರೆದುಕೊಂಡು ಹೋಗಿ. ಇದು ಸೋಮಾರಿತನವೋ ಕಾಯಿಲೆಯೋ ಎಂದು ಅವರೇ ಡಾಕ್ಟರನ್ನು ಕೇಳಲಿ.

– ಸಂಪಾದಕ